ತೋಟಕ್ಕೆ ಯಾವ ಬೇಲಿ? ಪ್ಯಾನೆಲ್ ಕೊಳ್ಳುವ ಮುಂಚೆ ನೋಡಬೇಕಾದದ್ದು

ಅಂಗಡಿಗೆ ಹೋಗುವ ಮುಂಚೆ ಒಂದು ವಿಷಯ ಮನೆಯಲ್ಲೇ ಕೂತು ತೀರ್ಮಾನಿಸಿ. ನಿಮ್ಮ ಬೇಲಿ ಏನನ್ನು ತಡೆಯಬೇಕು? ರಸ್ತೆಯಲ್ಲಿ ಹೋಗುವವರ ಕಣ್ಣನ್ನೋ, ಬೀದಿನಾಯಿಯನ್ನೋ, ಗೇಟಿನ ಕಡೆ ಓಡುವ ಮಗುವನ್ನೋ? ಎಲ್ಲವನ್ನೂ ಒಂದೇ ಸಲ ತಡೆಯಲು ಹೊರಟವರು ಕೊನೆಗೆ 6 ಅಡಿ ಎತ್ತರದ, ಸಂದೇ ಇಲ್ಲದ ಪ್ಯಾನೆಲ್ ತಂದು ನಿಲ್ಲಿಸುತ್ತಾರೆ. ಬೆಂಗಳೂರಿನ ಹೆಚ್ಚಿನ ಮನೆಗಳಿಗೆ ಅದು ಬೇಡ.

ಮೊದಲನೆಯದು ಗಾಳಿ. ಏಪ್ರಿಲ್, ಮೇನಲ್ಲಿ ಸಂಜೆ ಮಳೆಗೆ ಮುಂಚೆ ಬೀಸುವ ಗಾಳಿ ರಸ್ತೆ ಬದಿಯ ಮರಗಳನ್ನೇ ಉರುಳಿಸುತ್ತದೆ, ಅಲ್ವಾ? ಸಂದಿಲ್ಲದ ಪ್ಯಾನೆಲ್ ಅದರ ಪೂರ್ತಿ ಹೊಡೆತ ತಿನ್ನುತ್ತದೆ. ಬುಡದಲ್ಲಿ ಕಂಬ ಸಡಿಲವಾಗುತ್ತದೆ.

ಎರಡನೆಯದು ನೆರಳು. ಇದನ್ನು ಯಾರೂ ಲೆಕ್ಕ ಹಾಕುವುದಿಲ್ಲ. 30x40 ಸೈಟಿನಲ್ಲಿ ಗಿಡಕ್ಕೆ ಸಿಗುವುದೇ ಕಾಂಪೌಂಡ್ ಪಕ್ಕದ ಮೂರು ನಾಲ್ಕು ಅಡಿ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಆಗ ಮಟಮಟ ಮಧ್ಯಾಹ್ನವೂ 6 ಅಡಿ ಬೇಲಿಯ ನೆರಳು ಸುಮಾರು ನಾಲ್ಕೂವರೆ ಅಡಿ ಬೀಳುತ್ತದೆ, ಅಂದರೆ ದಕ್ಷಿಣದ ಕಡೆ ಮುಚ್ಚಿದ ಬೇಲಿ ಹಾಕಿದರೆ ನಿಮ್ಮ ಗುಲಾಬಿ, ಟೊಮೇಟೊ ಎಲ್ಲ ಚಳಿಗಾಲ ಪೂರ್ತಿ ನೆರಳಿನಲ್ಲೇ ಇರಬೇಕಾಗುತ್ತದೆ.

ಮರೆಯೂ ಬೇಕು, ಗಾಳಿಯೂ ಆಡಬೇಕು ಅಂದರೆ ಎರಡು ಬದಿಯ ಪಟ್ಟಿ ಬೇಲಿ ಮಾಡಿಸಿ. ಒಂದು ಪಟ್ಟಿ ಅಡ್ಡಪಟ್ಟಿಯ ಈ ಕಡೆ, ಮುಂದಿನದು ಆ ಕಡೆ, ಅಂಚು ಒಂದರ ಮೇಲೊಂದು ಸ್ವಲ್ಪ ಬರುವ ಹಾಗೆ. ನೇರ ನೋಡಿದರೆ ಒಳಗಿನದು ಕಾಣುವುದಿಲ್ಲ, ಗಾಳಿ ಮಾತ್ರ ಪಕ್ಕದಿಂದ ನುಸುಳಿ ಹೋಗುತ್ತದೆ, ಮಳೆ ನಿಂತ ಮೇಲೆ ಮರವೂ ಬೇಗ ಒಣಗುತ್ತದೆ. ಪಕ್ಕದ ಮನೆಯವರಿಗೂ ಬೇಲಿಯ ಬೆನ್ನು ನೋಡುವ ಕಷ್ಟ ಇಲ್ಲ. ನನಗೆ ತುಂಬಾ ಇಷ್ಟವಾದ ಮಾದರಿ ಇದು.

ಗೇಟಿನ ಪಕ್ಕದಲ್ಲಿ ಮಾತ್ರ 3 ಅಡಿ ದಾಟಬೇಡಿ. ಕಾರು ಹಿಂದಕ್ಕೆ ತೆಗೆಯುವಾಗ ಫುಟ್‌ಪಾತಿನ ಮೇಲೆ ಬರುವ ಮಕ್ಕಳು ಕಾಣಬೇಕು.

ಈಗಾಗಲೇ ಕಾಂಪೌಂಡ್ ಗೋಡೆ ಇದ್ದರೆ ಅದರ ಮೇಲೆ ಸುಮ್ನೆ ಒಂದೂವರೆ ಅಡಿ ಜಾಲರಿ ಏರಿಸಿ ಬಸಳೆ, ತೊಂಡೆ, ಶಂಖಪುಷ್ಪ ಯಾವುದಾದರೂ ಹಬ್ಬಿಸಿ. ಒಂದು ಮಳೆಗಾಲದಲ್ಲಿ ಬಳ್ಳಿಯ ಮರೆ ಸಿಗುತ್ತದೆ, ಅಡುಗೆಗೂ ಆಯಿತು. ಚೈನ್‌ಲಿಂಕ್ ಕೊಳ್ಳುವಾಗ ಗೇಜ್ ಕೇಳಿ. ನಂಬರ್ ಜಾಸ್ತಿಯಾದಷ್ಟೂ ತಂತಿ ತೆಳ್ಳಗೆ: 14 ಗೇಜಿಗಿಂತ 10 ಗೇಜ್ ಗಟ್ಟಿ. ತುಕ್ಕು ಹಿಡಿಯದ ಹಾಗೆ ಸತು ಲೇಪಿಸಿದ ಜಿಐ ತಂತಿಯೇ ಇರಲಿ.

ಮರದ ವಿಷಯಕ್ಕೆ ಬಂದರೆ ಇಲ್ಲಿ ದೊಡ್ಡ ಶತ್ರು ಗೆದ್ದಲು. ಎಂಥ ಮರವಾದರೂ ಪಟ್ಟಿಯ ತುದಿ ಮಣ್ಣಿಗೆ ತಾಗಬಾರದು, ಕೆಳಗೆ ಎರಡು ಇಂಚು ಬಿಡಿ. ಕಂಬಕ್ಕೆ ಮರ ಬೇಡವೇ ಬೇಡ. ಹೊಸಕೋಟೆ, ದೇವನಹಳ್ಳಿ ಕಡೆ ಹೊಲಗಳ ಸುತ್ತ ನಿಲ್ಲಿಸಿರುವ ಕಲ್ಲುಕಂಬಗಳನ್ನು ನೋಡಿದ್ದೀರಲ್ಲ, ಅವು ಗೆದ್ದಲಿಗೂ ಜಗ್ಗುವುದಿಲ್ಲ, ಮಳೆಗೂ ಜಗ್ಗುವುದಿಲ್ಲ. ಕಲ್ಲುಕಂಬಕ್ಕೆ ತೂತು ಕೊರೆಸಿ ಬೋಲ್ಟ್ ಹಾಕಿ ಪಟ್ಟಿ ಕಟ್ಟಿಸಿದರೆ ನೋಡಲೂ ಚೆಂದ. ಕಬ್ಬಿಣದ ಕಂಬವಾದರೆ ರೆಡ್ ಆಕ್ಸೈಡ್ ಬಳಿಸಿ ಬಣ್ಣ ಹೊಡೆಸಿ, ಪೈಪಿನ ಮೇಲ್ಬಾಯಿ ಮುಚ್ಚಿಸಿ. ತೆರೆದಿಟ್ಟರೆ ನೀರು ನಿಂತು ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ.

ಬಿದಿರು? ಬಂಬೂ ಬಜಾರ್ ಅಂತ ಒಂದು ಜಾಗಕ್ಕೇ ಹೆಸರಿಟ್ಟುಕೊಂಡ ಊರು ನಮ್ಮದು, ಬಿದಿರಿನ ಬೇಲಿ ಇಲ್ಲಿಗೆ ಒಪ್ಪುತ್ತದೆ. ಆದರೆ ಬೋರಾಕ್ಸ್, ಬೋರಿಕ್ ಆಸಿಡ್ ದ್ರಾವಣದಲ್ಲಿ ನೆನೆಸಿ ಒಣಗಿಸಿದ್ದೇ ಅಂತ ಕೇಳಿ ತೆಗೆದುಕೊಳ್ಳಿ. ಹಾಗೇ ಹಾಕಿದರೆ ಹುಳು ಕೊರೆದು ಹಿಟ್ಟು ಉದುರುತ್ತದೆ. ಆ ಮದ್ದು ಮಳೆನೀರಿಗೆ ತೊಳೆದು ಹೋಗುವುದರಿಂದ ಮೇಲೆ ವಾರ್ನಿಶ್ ಬೇಕು, ಮಣ್ಣಿಗಂತೂ ಹೂಳಬೇಡಿ.

ಮರದ ಪುಡಿಗೆ ಪ್ಲಾಸ್ಟಿಕ್ ಬೆರೆಸಿ ಮಾಡುವ ಡಬ್ಲ್ಯೂಪಿಸಿ ಪಟ್ಟಿಗೆ ಗೆದ್ದಲಿನ ಭಯ ಕಡಿಮೆ. ಬಿಸಿಲಿಗೆ ಹಿಗ್ಗುತ್ತದೆ, ತುದಿಯಲ್ಲಿ ಸಂದು ಬಿಡಿಸಿ.

5 ಅಡಿ ಬೇಲಿಗೆ ಕಂಬ ಕಡೇಪಕ್ಷ 2 ಅಡಿ ಮಣ್ಣಿನೊಳಗೆ ಇರಬೇಕು. ಗುಂಡಿ ತೋಡುವಾಗ ನೀವೇ ಟೇಪು ಹಿಡಿದು ನಿಂತಿರಿ. ಕಾಂಕ್ರೀಟ್ ಹಾಕಿದ ಮೇಲೆ ಒಂದು ವಾರ ಬಿಟ್ಟು ಪ್ಯಾನೆಲ್ ಏರಿಸಿ, ಮೊಳೆ ಹೊಡೆಸದೆ ಬೋಲ್ಟ್ ಹಾಕಿಸಿ. ಮುಂದೆ ಒಂದು ಪಟ್ಟಿ ಹಾಳಾದರೆ ಅದನ್ನಷ್ಟೇ ಬಿಚ್ಚಿ ಬದಲಾಯಿಸಬಹುದು.