ಪೋಕರ್‌ನಿಂದ ಗಂಟೆಗೆ ತೊಂಬತ್ತು ರೂಪಾಯಿ: ನನ್ನ ಏಳು ವರ್ಷದ ಲೆಕ್ಕ

ನನ್ನ ಲ್ಯಾಪ್‌ಟಾಪ್‌ನಲ್ಲಿ ಒಂದು ಎಕ್ಸೆಲ್ ಫೈಲ್ ಇದೆ. 2018ರ ಜೂನ್‌ನಿಂದ 2025ರ ಆಗಸ್ಟ್‌ವರೆಗೆ ಆನ್‌ಲೈನ್ ಪೋಕರ್‌ನಲ್ಲಿ ನಾನು ಹಾಕಿದ, ತೆಗೆದ, ಗೆದ್ದ, ಸೋತ ಒಂದೊಂದು ರೂಪಾಯಿಯೂ ಅದರಲ್ಲಿದೆ. ಎಷ್ಟು ಹೊತ್ತು ಆಡಿದೆ ಅನ್ನೋದೂ ಇದೆ. ಈ ದೀಪಾವಳಿಗೆ ಊರಿಗೆ ಹೋದಾಗ ಅಕ್ಕನ ಮಗ ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ಕೇಳಿದ, "ಮಾಮ, ನೀವು ಪೋಕರ್‌ನಲ್ಲಿ ದುಡ್ಡು ಮಾಡಿದ್ರಂತೆ. ನಂಗೂ ಹೇಳ್ಕೊಡಿ. ಈಗ್ಲೂ ಆಗುತ್ತಾ?" ಹಾಸನದಲ್ಲಿ ಇಂಜಿನಿಯರಿಂಗ್ ಓದ್ತಿದ್ದಾನೆ, ಲೆಕ್ಕದಲ್ಲಿ ಜಾಣ. ಮಾತಲ್ಲಿ ಹೇಳಿದರೆ ಪ್ರಯೋಜನ ಇಲ್ಲ ಅನ್ನಿಸಿತು. ಫೈಲ್ ತೆಗೆದು ಅವನ ಮುಂದಿಟ್ಟೆ. ಅವನಿಗೆ ತೋರಿಸಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಮಾಡುವವನು. ಇಸ್ಪೀಟು ನಮ್ಮ ಮನೆಗೆ ಹೊಸದಲ್ಲ. ಯುಗಾದಿ ಬಂದರೆ ಊರ ಜಗಲಿ ಮೇಲೆ ಎಲೆ ಹಾಕೋದು ನಮ್ಮ ಕಡೆ ಮಾಮೂಲು. ಆದರೆ ಅಂದರ್ ಬಾಹರ್‌ನಲ್ಲಿ ಯೋಚನೆ ಮಾಡೋಕೆ ಏನೂ ಇಲ್ಲ. ಪೋಕರ್‌ನಲ್ಲಿ ಇದೆ. ಅದೇ ನನ್ನನ್ನು ಹಿಡಿದದ್ದು. 2003ರಲ್ಲಿ ಕ್ರಿಸ್ ಮನಿಮೇಕರ್ ಅನ್ನೋ ಅಮೆರಿಕದ ಅಕೌಂಟೆಂಟ್ ಒಂದು ಸಣ್ಣ ಆನ್‌ಲೈನ್ ಟೂರ್ನಮೆಂಟ್ ಗೆದ್ದು, ಅದರಿಂದಲೇ ಲಾಸ್ ವೇಗಸ್‌ನ ಪೋಕರ್ ವಿಶ್ವ ಸರಣಿಗೆ ಹೋಗಿ, 838 ಜನರನ್ನು ದಾಟಿ 25 ಲಕ್ಷ ಡಾಲರ್ ಗೆದ್ದ. ನನ್ನ ವಯಸ್ಸಿನ ಎಷ್ಟೋ ಜನ ಈ ಕಥೆ ಕೇಳಿಯೇ ಪೋಕರ್‌ಗೆ ಬಂದವರು. ನಾನೂ ಹಾಗೇ ಬಂದೆ.

ಮೊದಲ ಆರು ತಿಂಗಳು ಸೋತೆ. ಆಮೇಲೆ ಕೂತು ಓದಿದೆ. ನನ್ನ ಹಳೆಯ ಆಟಗಳನ್ನು ತೆಗೆದು ತಪ್ಪು ಹುಡುಕಿದೆ. 2019ಕ್ಕೆ ಆಟ ಕೈಗೆ ಹತ್ತಿತು. ಬ್ಲೈಂಡ್, ಅಂದರೆ ಎಲೆ ನೋಡುವ ಮೊದಲೇ ಇಬ್ಬರು ಹಾಕಲೇಬೇಕಾದ ದುಡ್ಡು, 5 ರೂಪಾಯಿ, 10 ರೂಪಾಯಿ ಇರುವ ಟೇಬಲ್. 1000 ರೂಪಾಯಿ ತಂದು ಕೂರಬೇಕು. ಒಟ್ಟಿಗೇ ನಾಲ್ಕು ಟೇಬಲ್ ತೆರೆದು, ರಾತ್ರಿ ಊಟ ಆದ ಮೇಲೆ ಆಡುತ್ತಿದ್ದೆ.

ಆ ವರ್ಷದ ಸಾಲು ಹೀಗಿದೆ. ಆಡಿದ ಹ್ಯಾಂಡ್, ಅಂದರೆ ಎಲೆ ಹಂಚಿ ಆಡಿದ ಆಟ, 1,20,000. ಕೂತಿದ್ದು 430 ಗಂಟೆ. ಟೇಬಲ್ ಮೇಲೆ ಗೆದ್ದದ್ದು 30,000 ರೂಪಾಯಿ. ಆ್ಯಪ್‌ನವರು ವಾಪಸ್ ಕೊಟ್ಟ ಬೋನಸ್ 18,000. ಒಟ್ಟು 48,000. ಗೆದ್ದ ಮೂವತ್ತು ಸಾವಿರಕ್ಕೆ 30% ತೆರಿಗೆ, ಅದರ ಮೇಲೆ 4% ಸೆಸ್. ಅದನ್ನು ಕಳೆದು ಗಂಟೆಯಿಂದ ಭಾಗಿಸಿದರೆ ಗಂಟೆಗೆ ಸುಮಾರು 90 ರೂಪಾಯಿ. ಇದು ನಾನು ತುಂಬಾ ಚೆನ್ನಾಗಿ ಆಡಿದ ವರ್ಷ. ನಮ್ಮ ಬೀದಿಯಲ್ಲಿ ಹತ್ತನೇ ಕ್ಲಾಸ್ ಮಕ್ಕಳಿಗೆ ಟ್ಯೂಷನ್ ಹೇಳಿದ್ದರೆ ಇದಕ್ಕಿಂತ ಜಾಸ್ತಿ ಬರುತ್ತಿತ್ತು.

ಇನ್ನೊಂದು ಅಂಕಿ ಆ ಸಾಲಿನಲ್ಲೇ ಇದೆ, ನಾನು ತುಂಬಾ ದಿನ ಅದನ್ನು ನೋಡಿರಲೇ ಇಲ್ಲ. ಆ ವರ್ಷ ನನ್ನಿಂದ ಆ್ಯಪ್‌ನವರು ರೇಕ್ ಅಂತ ಹಿಡಿದುಕೊಂಡದ್ದು 72,000 ರೂಪಾಯಿ. ಊರಲ್ಲಿ ಇಸ್ಪೀಟು ಆಡಿಸುವವನು ಪ್ರತಿ ಆಟದಲ್ಲೂ ಒಂದಷ್ಟು ಎತ್ತಿಟ್ಟುಕೊಳ್ತಾನಲ್ಲ, ಅದೇ ರೇಕ್. ಎದುರಾಳಿಗಳಿಂದ ನಾನು ಒಂದು ಲಕ್ಷದ ಮೇಲೆ ಗೆದ್ದಿದ್ದೆ. ಅದರಲ್ಲಿ ಮುಕ್ಕಾಲು ಪಾಲು ಹತ್ತಿರ ಹತ್ತಿರ ಟೇಬಲ್ ಹಾಕಿದವರಿಗೆ ಹೋಗಿತ್ತು.

ರೇಕ್ ಅಂದರೆ ಬರೀ 5% ತಾನೇ ಅನ್ನಿಸುತ್ತೆ. ಒಂದು ಹ್ಯಾಂಡ್ ಬಿಡಿಸಿ ಹೇಳ್ತೀನಿ. ಈ ಆಟದಲ್ಲಿ ಒಬ್ಬೊಬ್ಬರ ಕೈಗೆ ಎರಡು ಎಲೆ, ನಡುವೆ ಎಲ್ಲರಿಗೂ ಸೇರಿದ ಐದು ಎಲೆ. ಇವುಗಳಲ್ಲಿ ಒಳ್ಳೆ ಐದು ಎಲೆ ಮಾಡಿದವನಿಗೆ ಪಾಟ್, ಅಂದರೆ ನಡುವೆ ಸೇರಿದ ದುಡ್ಡು. ನನ್ನ ಕೈಯಲ್ಲಿ ಆಟೀನ್ ಎಕ್ಕ, ಆಟೀನ್ ರಾಜ. 30 ರೂಪಾಯಿಗೆ ಏರಿಸಿದೆ. ದೊಡ್ಡ ಬ್ಲೈಂಡ್‌ನಲ್ಲಿ ಕೂತವನು ಒಬ್ಬನೇ ಬಂದ. ಸಣ್ಣ ಬ್ಲೈಂಡ್‌ನವನು ಬಿಟ್ಟುಹೋದ 5 ಸೇರಿ ಪಾಟ್ 65. ಬಿದ್ದ ಮೂರು ಎಲೆ: ಇಸ್ಪೀಟ್ ಎಕ್ಕ, ಡೈಮನ್ ಒಂಬತ್ತು, ಕಳಾವರ್ ನಾಲ್ಕು. ನಾನು 40 ಹಾಕಿದೆ, ಅವನೂ ಹಾಕಿದ. ನಾಲ್ಕನೇ ಎಲೆ ಆಟೀನ್ ಏಳು. ನಾನು 100, ಅವನೂ 100. ಪಾಟ್ ಈಗ 345. ಕೊನೆಯ ಎಲೆ ಕಳಾವರ್ ಎರಡು. ಅವನು ತನ್ನ ಬಳಿ ಉಳಿದ 830 ರೂಪಾಯಿ ಪೂರ್ತಿ ದೂಡಿಬಿಟ್ಟ.

ಈಗ ಲೆಕ್ಕ. ನಾನು 830 ಹಾಕಿದರೆ ಪಾಟ್ 2005 ಆಗುತ್ತೆ. 830ನ್ನು 2005ರಿಂದ ಭಾಗಿಸಿದರೆ 41.4%. ಅಂದರೆ ಇಂಥ ಜಾಗದಲ್ಲಿ ನೂರಕ್ಕೆ 41ಕ್ಕಿಂತ ಸ್ವಲ್ಪ ಜಾಸ್ತಿ ಸಲ ನಾನು ಗೆಲ್ಲುವಂತಿದ್ದರೆ ಕರೆಯಬಹುದು, ಅಂದರೆ ಅವನಷ್ಟೇ ದುಡ್ಡು ಹಾಕಿ ಎಲೆ ತೋರಿಸು ಅನ್ನಬಹುದು. ಆದರೆ ರೇಕ್ ತೆಗೆದ ಮೇಲೆ ನನಗೆ ಬರೋದು 1905 ಮಾತ್ರ. ಆಗ ನೂರಕ್ಕೆ 43.6 ಸಲ ಗೆಲ್ಲಬೇಕು. ಎರಡು ಪರ್ಸೆಂಟ್ ವ್ಯತ್ಯಾಸ ನೋಡೋಕೆ ಏನೂ ಅಲ್ಲ ಅನ್ನಿಸುತ್ತೆ. ಆದರೆ ಒಳ್ಳೆ ಆಟಗಾರನಿಗೂ ಸಾಧಾರಣ ಆಟಗಾರನಿಗೂ ಇರುವ ಅಂತರವೇ ಅಷ್ಟು. ಅಷ್ಟನ್ನು ಮೊದಲೇ ಕೊಟ್ಟು ಕೂರುತ್ತೀವಿ, ಅಲ್ವಾ?

ಅವತ್ತು ನಾನು ಕರೆದೆ. ಅವನ ಕೈಯಲ್ಲಿ ಎಕ್ಕ, ಹತ್ತು. ನನ್ನ ರಾಜ ಗೆದ್ದಿತು. ಅದು 2019. ಆಗ ಎಕ್ಕ ಸಿಕ್ಕರೆ ಸಾಕು, ಇದ್ದಬದ್ದದ್ದೆಲ್ಲ ಹಾಕುವವರು ಒಂದೊಂದು ಟೇಬಲ್‌ಗೂ ಇಬ್ಬರು ಮೂವರು ಸಿಗುತ್ತಿದ್ದರು. ಸಂಬಳ ಬಂದ ವಾರ ಇನ್ನೂ ಜಾಸ್ತಿ. 2023ರ ಹೊತ್ತಿಗೆ ಇದೇ ಜಾಗದಲ್ಲಿ ಯಾರಾದರೂ ಪೂರ್ತಿ ದೂಡಿದರೆ ನನಗೆ ಉತ್ತರ ಗೊತ್ತಾಗುತ್ತಿರಲಿಲ್ಲ. ಜೋಡಿ ನಾಲ್ಕು ಇಟ್ಟುಕೊಂಡು ನನ್ನನ್ನು ಸೋಲಿಸುವವರೂ ಹಾಗೇ ದೂಡುತ್ತಿದ್ದರು, ಏನೂ ಇಲ್ಲದವರೂ ಅಷ್ಟೇ ಲೆಕ್ಕ ಹಾಕಿ ದೂಡುತ್ತಿದ್ದರು.

ಇದಕ್ಕೆ ಕಾರಣ ಸಾಲ್ವರ್‌ಗಳು. ಯಾವ ಜಾಗದಲ್ಲಿ ಯಾವ ಎಲೆಗೆ ಎಷ್ಟು ಸಲ ಏನು ಮಾಡಬೇಕು ಅಂತ ಕಂಪ್ಯೂಟರೇ ಬಿಡಿಸಿ ಕೊಡುತ್ತೆ. 2017ರ ಜನವರಿಯಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರ ಲಿಬ್ರಾಟಸ್ ಅನ್ನೋ ಪ್ರೋಗ್ರಾಂ ನಾಲ್ಕು ಜನ ವೃತ್ತಿಪರ ಆಟಗಾರರ ಜೊತೆ ಆಡಿ ಎಲ್ಲರನ್ನೂ ಸೋಲಿಸಿತು. ಅಲ್ಲಿ ಆಡಿದ್ದೂ 1,20,000 ಹ್ಯಾಂಡ್, ನಾನು 2019ರಲ್ಲಿ ಆಡಿದಷ್ಟೇ. ಅದು ಒಬ್ಬರೆದುರು ಒಬ್ಬರು ಕೂರುವ ಆಟ. ಎರಡೇ ವರ್ಷಕ್ಕೆ ಪ್ಲುರಿಬಸ್ ಅನ್ನೋದು ಬಂದು ಆರು ಜನರ ಟೇಬಲ್‌ನಲ್ಲೂ ಗೆದ್ದಿತು. ಇವು ನಮ್ಮ ಹತ್ತು ರೂಪಾಯಿ ಟೇಬಲ್‌ಗೆ ಬಂದು ಕೂರಲಿಲ್ಲ ನಿಜ. ಆದರೆ ಸಾಲ್ವರ್ ನೋಡಿ ಕಲಿತ ಹುಡುಗರು ಬಂದು ಕೂತರು. ಪಕ್ಕದ ಪರದೆಯಲ್ಲಿ ಉತ್ತರ ನೋಡಿಕೊಂಡೇ ಆಡುವವರು ಇದ್ದಾರೆ ಅನ್ನೋ ಅನುಮಾನ ನನಗೆ ಕೊನೆಯವರೆಗೂ ಇತ್ತು. ಪ್ರತಿ ನಿರ್ಧಾರಕ್ಕೂ ಒಂದೇ ಅಳತೆಯ ಹೊತ್ತು ತೆಗೆದುಕೊಳ್ಳುವ ಎದುರಾಳಿ ಕಂಡರೆ ಎದ್ದುಬಿಡುತ್ತಿದ್ದೆ.

ಈಗ ನನಗೆ ತುಂಬಾ ನಿದ್ದೆ ಕೆಡಿಸಿದ ವಿಷಯಕ್ಕೆ ಬರ್ತೀನಿ. ನಾನು ನಿಜವಾಗಲೂ ಚೆನ್ನಾಗಿ ಆಡುತ್ತಿದ್ದೆನಾ, ಇಲ್ಲ ಎಲೆ ಚೆನ್ನಾಗಿ ಬಿತ್ತಾ? ನನ್ನ ಆಟದಲ್ಲಿ ನೂರು ಹ್ಯಾಂಡ್‌ಗೆ ಏರಿಳಿತ (ಸ್ಟ್ಯಾಂಡರ್ಡ್ ಡೀವಿಯೇಷನ್) ಸುಮಾರು 90 ದೊಡ್ಡ ಬ್ಲೈಂಡ್ ಇತ್ತು. ಇದು ಈ ಆಟದಲ್ಲಿ ಸಾಮಾನ್ಯ. 1,20,000 ಹ್ಯಾಂಡ್ ಅಂದರೆ 1200 ನೂರುಗಳು. ಏರಿಳಿತ ಬೆಳೆಯೋದು ಇದರ ವರ್ಗಮೂಲದ ಲೆಕ್ಕದಲ್ಲಿ. 1200ರ ವರ್ಗಮೂಲ ಸುಮಾರು 34.6. ಅದನ್ನು 90ರಿಂದ ಗುಣಿಸಿದರೆ 3,100 ಬ್ಲೈಂಡ್ ಚಿಲ್ಲರೆ, ಅಂದರೆ 31,000 ರೂಪಾಯಿ. ಬರೀ ಅದೃಷ್ಟದಿಂದಲೇ ಇಡೀ ವರ್ಷದ ಲೆಕ್ಕ ಅಷ್ಟು ಮೇಲೆ ಕೆಳಗೆ ಆಗಬಹುದು. ನಾನು ಗೆದ್ದದ್ದು 30,000. ನನ್ನ ಜಾಗದಲ್ಲಿ ಲಾಭವೂ ಇಲ್ಲದ ನಷ್ಟವೂ ಇಲ್ಲದ ಆರು ಜನ ಒಂದು ವರ್ಷ ಆಡಿದ್ದರೆ, ಅವರಲ್ಲಿ ಒಬ್ಬನಿಗೆ ಇಷ್ಟೇ ದುಡ್ಡು ಸುಮ್ನೆ ಬಂದಿರುತ್ತಿತ್ತು. 430 ಗಂಟೆ ಕೂತ ಮೇಲೂ ನಾನು ಆ ಒಬ್ಬನಾ ಅಲ್ವಾ ಅಂತ ಹೇಳೋಕಾಗಲ್ಲ. ಅಕ್ಕನ ಮಗ ಈ ಲೆಕ್ಕವನ್ನು ತಾನೇ ಫೋನ್‌ನಲ್ಲಿ ಮತ್ತೆ ಹಾಕಿ ನೋಡಿದ. ಅದೇ ಉತ್ತರ ಬಂತು. ಸ್ವಲ್ಪ ಹೊತ್ತು ಮಾತಾಡಲಿಲ್ಲ.

2020ರ ಲಾಕ್‌ಡೌನ್‌ನಲ್ಲಿ ಒಂದು ರಾತ್ರಿ ಇದೆ, ಅದನ್ನೂ ಅವನಿಗೆ ಮುಚ್ಚಿಡಲಿಲ್ಲ. ಒಂಬತ್ತು ಗಂಟೆಗೆ ಕೂತೆ. ಎರಡು ದೊಡ್ಡ ಪಾಟ್ ಹೋಯಿತು, ಎರಡರಲ್ಲೂ ನಾನು ಸರಿಯಾಗೇ ಆಡಿದ್ದೆ. ತಲೆ ಕೆಟ್ಟಿತು. ವಾಪಸ್ ತರಬೇಕು ಅಂತ 25-50ರ ಟೇಬಲ್‌ಗೆ ಹೋದೆ. ಹನ್ನೆರಡೂವರೆಗೆ 14,000 ರೂಪಾಯಿ ಹೋಗಿತ್ತು. ನೀರು ಕುಡಿಯಲು ಎದ್ದು ಬಂದ ಹೆಂಡತಿ ಬಾಗಿಲಲ್ಲಿ ನಿಂತು "ಇನ್ನೂ ಮಲಗಿಲ್ವಾ?" ಅಂದಳು. "ಆಫೀಸ್ ಕೆಲಸ" ಅಂದೆ. ಮದುವೆಯಾದ ಮೇಲೆ ಅವಳಿಗೆ ಹೇಳಿದ ಮೊದಲ ಸುಳ್ಳು ಅದು. ಮಾರನೇ ದಿನ ಅವಳನ್ನೇ ಕೂರಿಸಿಕೊಂಡು ಎಕ್ಸೆಲ್ ತೋರಿಸಿದೆ. ಅವತ್ತಿಂದ ದಿನಕ್ಕೆ 3,000 ಸೋತರೆ ಎದ್ದೇಳಬೇಕು ಅಂತ ನಿಯಮ ಮಾಡಿಕೊಂಡೆವು. ಆ ನಿಯಮವನ್ನು ಮುರಿಯಲಿಲ್ಲ. ಎಲ್ಲರ ಮನೆಯಲ್ಲೂ ಹಾಗೆ ನಡೆಯಲ್ಲ. ಈ ಆಟದಲ್ಲಿ ಪಿಎಫ್ ಕಳೆದುಕೊಂಡವರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅವರ ಬಗ್ಗೆ ಬರೆಯೋಕೆ ಕೈ ಬರಲ್ಲ.

ಕಾನೂನಿನ ಕಥೆ ಬೇಗ ಹೇಳಿಬಿಡ್ತೀನಿ. 2021ರ ಅಕ್ಟೋಬರ್‌ನಲ್ಲಿ ಕರ್ನಾಟಕ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟ ನಿಲ್ಲಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯನ್ನು ರದ್ದು ಮಾಡಿತು. ಮತ್ತೆ ಆಟ ಶುರುವಾಯಿತು. 2023ರಲ್ಲಿ ತೆರಿಗೆ ಬಿಗಿಯಾಯಿತು. ಏಪ್ರಿಲ್‌ನಿಂದ ನಿವ್ವಳ ಗೆಲುವಿನ ಮೇಲೆ ಆ್ಯಪ್‌ನಲ್ಲೇ 30% ಹಿಡಿಯೋದು, ಅಕ್ಟೋಬರ್‌ನಿಂದ ಹಾಕುವ ದುಡ್ಡಿನ ಮೇಲೆ 28% ಜಿಎಸ್‌ಟಿ. ಸಾವಿರ ರೂಪಾಯಿ ಹಾಕಿದರೆ ಅದರಲ್ಲಿ 219 ರೂಪಾಯಿ ತೆರಿಗೆಯೇ.

ಗೆಲುವಿನ ತೆರಿಗೆ ಹೇಗೆ ಕಚ್ಚುತ್ತೆ ಅನ್ನೋದಕ್ಕೆ ನನ್ನದೇ ಎರಡು ವರ್ಷ ಸಾಕು. 2023-24ರಲ್ಲಿ 10-20ರ ಟೇಬಲ್‌ನಲ್ಲಿ 80,000 ಗೆದ್ದೆ. ಸೆಸ್ ಸೇರಿ ತೆರಿಗೆ 24,960. 2024-25ರಲ್ಲಿ 60,000 ಸೋತೆ. ಈ ಸೋಲನ್ನು ಹಿಂದಿನ ವರ್ಷದ ಗೆಲುವಿನ ಜೊತೆ ಕಳೆಯೋ ಹಾಗಿಲ್ಲ, ಮುಂದಿನ ವರ್ಷಕ್ಕೆ ಒಯ್ಯೋ ಹಾಗೂ ಇಲ್ಲ. ಎರಡು ವರ್ಷ ಸೇರಿಸಿದರೆ ಟೇಬಲ್‌ನಲ್ಲಿ 20,000 ಲಾಭ. ಕಟ್ಟಿದ ತೆರಿಗೆ 24,960. ಗೆದ್ದೂ 4,960 ಕೈಯಿಂದ ಹೋಯಿತು. ಏರಿಳಿತವೇ ಪ್ರಾಣವಾಗಿರುವ ಆಟಕ್ಕೆ ಇಂಥ ತೆರಿಗೆ ಬಿದ್ದರೆ ಯಾವ ಜಾಣತನವೂ ನಡೆಯಲ್ಲ. ನಿಜ ಹೇಳಬೇಕೆಂದರೆ ನನ್ನ ಲೆಕ್ಕದಲ್ಲಿ ಪೋಕರ್ ಮುಗಿದದ್ದು ಅವತ್ತೇ.

2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಪಾಸು ಮಾಡಿತು. 22ನೇ ತಾರೀಕು ರಾಷ್ಟ್ರಪತಿಗಳ ಅಂಕಿತ ಬಿತ್ತು. ಕೌಶಲದ ಆಟವೋ ಅದೃಷ್ಟದ ಆಟವೋ ಅನ್ನೋ ಹಳೇ ವಾದಕ್ಕೆ ಅದರಲ್ಲಿ ಜಾಗವಿಲ್ಲ. ದುಡ್ಡು ಕಟ್ಟಿ ಆಡಿಸುವ ಆಟ ಎಲ್ಲವೂ ಬಂದ್. ಆಡಿಸಿದವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಬ್ಯಾಂಕ್‌ಗಳು ಆ ದುಡ್ಡು ದಾಟಿಸುವಂತಿಲ್ಲ. ಆಡುವವರಿಗೆ ಮಾತ್ರ ಶಿಕ್ಷೆ ಇಲ್ಲ. ನಾನಾಡುತ್ತಿದ್ದ ಆ್ಯಪ್ ಅದೇ ವಾರ ದುಡ್ಡಿನ ಟೇಬಲ್ ಮುಚ್ಚಿತು. ಕರ್ನಾಟಕ, ದೆಹಲಿ, ಮಧ್ಯಪ್ರದೇಶ ಹೈಕೋರ್ಟ್‌ಗಳಲ್ಲಿ ಇದರ ಮೇಲೆ ಹಾಕಿದ್ದ ಕೇಸುಗಳನ್ನು ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತನ್ನ ಹತ್ತಿರಕ್ಕೆ ತರಿಸಿಕೊಂಡಿತು.

"ಹೊರದೇಶದ ಸೈಟ್ ಇವೆಯಲ್ಲ ಮಾಮ, ಹಾಸ್ಟೆಲ್‌ನಲ್ಲಿ ಆಡ್ತಾರೆ" ಅಂದ ಅಕ್ಕನ ಮಗ. ನನಗೆ ಭಯವಾದದ್ದು ಈ ಮಾತಿಗೇ. ನನ್ನ ಗೆಳೆಯನೊಬ್ಬ ಹಾಗೆ ಆಡಿದ. ಗೆದ್ದ 22,000 ಯಾರೋ ಗೊತ್ತಿಲ್ಲದವರ ಖಾತೆಯಿಂದ ಯುಪಿಐನಲ್ಲಿ ಬಂತು. ಮೂರು ವಾರ ಆದ ಮೇಲೆ ಅವನ ಸಂಬಳದ ಖಾತೆ ಸ್ತಂಭಿಸಿತು. ಆ ದುಡ್ಡು ಬೇರೆ ರಾಜ್ಯದಲ್ಲಿ ಯಾರಿಗೋ ಮೋಸ ಮಾಡಿ ಎತ್ತಿದ್ದು, ಕೈಬದಲಾಗಿ ಇವನ ಖಾತೆಗೆ ಬಂದಿತ್ತು. ಅಲ್ಲಿನ ಸೈಬರ್ ಪೊಲೀಸರಿಗೆ ಪತ್ರ ಬರೆದು, ರಜೆ ಹಾಕಿ ಹೋಗಿ ಬಂದು, ಖಾತೆ ಬಿಡಿಸಿಕೊಳ್ಳೋಕೆ ಎರಡೂವರೆ ತಿಂಗಳು ಹಿಡಿಯಿತು. ಅಷ್ಟು ದಿನ ಮನೆ ಬಾಡಿಗೆ ಅವನ ಅಣ್ಣ ಕಟ್ಟಿದ. ಸೈಟ್‌ನವರೇ ದುಡ್ಡು ಕೊಡದೆ ಹೋದರೆ ಕೇಳೋಕೆ ಅಲ್ಲಿ ಯಾರೂ ಇರಲ್ಲ.

ಇಂಗ್ಲೆಂಡಿನಲ್ಲಿರುವ ನನ್ನ ಕಾಲೇಜಿನ ಗೆಳೆಯ ಈಗಲೂ ಆಡುತ್ತಾನೆ. ಅಲ್ಲಿ ಲೈಸೆನ್ಸ್ ಇರುವ ಸೈಟ್‌ಗಳಿವೆ, ಆಟಗಾರನ ಗೆಲುವಿಗೆ ತೆರಿಗೆಯೂ ಇಲ್ಲ. ಅವನ ಮಟ್ಟಿಗೆ ಲೆಕ್ಕ ಬೇರೆ. ಆದರೂ ರೇಕ್ ಇದೆ, ಸಾಲ್ವರ್ ಕಲಿತವರಿದ್ದಾರೆ, ವರ್ಗಮೂಲದ ಲೆಕ್ಕ ಎಲ್ಲಿ ಕೂತರೂ ಒಂದೇ. ವಾರಕ್ಕೆರಡು ದಿನ ಖುಷಿಗೆ ಆಡ್ತೀನಿ, ಇದರಿಂದ ಜೀವನ ಮಾಡೋ ಯೋಚನೆ ಬಿಟ್ಟು ತುಂಬಾ ದಿನ ಆಯ್ತು ಅಂತಾನೆ.

ಹಾಗಾದರೆ ಏಳು ವರ್ಷ ಹಾಳಾಯಿತಾ ಅಂತ ಕೇಳಿದರೆ ನನಗೆ ಹಾಗನ್ನಿಸಲ್ಲ. ಈ ಆಟವನ್ನು ನಾನು ತುಂಬಾ ಪ್ರೀತಿಸಿದೆ. ಎದುರು ಕೂತವನು ಏನು ಯೋಚಿಸ್ತಿದ್ದಾನೆ ಅಂತ ಊಹಿಸೋದು, ಅನುಮಾನವನ್ನು ಅಂಕಿಯಲ್ಲಿ ಹೇಳೋದು, ಸರಿಯಾಗಿ ಆಡಿಯೂ ಸೋತಾಗ ಸುಮ್ಮನಿರೋದು, ಇದೆಲ್ಲ ನನಗೆ ಇಲ್ಲೇ ಬಂದದ್ದು. ಅದನ್ನು ಕಲಿಯೋಕೆ ದುಡ್ಡು ಕಟ್ಟಲೇಬೇಕು ಅಂತಿಲ್ಲ. ಲಾಭಕ್ಕೆ ಅಂತ ಇವತ್ತು ಭಾರತದಲ್ಲಿ ಕೂತು ಶುರು ಮಾಡ್ತೀನಿ ಅಂದವರಿಗೆ ಮಾತ್ರ ನಾನು ಬೇಡ ಅಂತಲೇ ಹೇಳ್ತೀನಿ.

ಅವತ್ತು ರಾತ್ರಿ ಅಮ್ಮನ ಡಬ್ಬದಿಂದ ಒಂದು ಬೊಗಸೆ ಹುಣಸೆ ಬೀಜ ತಂದೆ. ಇಬ್ಬರಿಗೂ ಐವತ್ತೈವತ್ತು. ಜಗಲಿ ಮೇಲೆ ಚಾಪೆ ಹಾಸಿ, ಅಣ್ಣನ ಹಳೇ ಇಸ್ಪೀಟು ಕಟ್ಟು ತೆಗೆದು, ಅವನಿಗೆ ಪೋಕರ್ ಹೇಳಿಕೊಟ್ಟೆ. ಪ್ರತಿ ಸಲ ಬೀಜ ಮುಂದಕ್ಕೆ ದೂಡುವ ಮೊದಲು ನೂರಕ್ಕೆ ಎಷ್ಟು ಸಲ ಗೆಲ್ತೀನಿ ಅಂತ ಬಾಯಿಬಿಟ್ಟು ಹೇಳಬೇಕು ಅನ್ನೋದು ಷರತ್ತು. ಹನ್ನೊಂದು ಗಂಟೆಗೆ ಅವನ ಮುಂದೆ 63 ಬೀಜ ಇತ್ತು. "ಇನ್ನೊಂದು ಆಟ ಮಾಮ" ಅಂದ. ಎಲೆ ಕಲೆಸಿ ಹಂಚಿದೆ.