ಚಿತ್ರಕ್ಕೆ ಯೋಜನೆ ಹಾಕಿಕೊಳ್ಳುವ ಕ್ರಮ

ಯೋಜನೆ ಹಾಕಿದರೆ ಕಲ್ಪನೆ ಬತ್ತಿಹೋಗುತ್ತದೆ ಎಂದು ನಂಬಿರುವವರು ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯನ್ನು ಬುಡದಿಂದ ನೋಡಬೇಕು. ಕೆಳಗೆ ಆನೆ, ಅದರ ಮೇಲೆ ಸಿಂಹ, ಆಮೇಲೆ ಬಳ್ಳಿ, ಕುದುರೆ ಎಂಬ ಪಟ್ಟಿಕೆಗಳ ಕ್ರಮ ಗೋಡೆಯುದ್ದಕ್ಕೂ ತಪ್ಪುವುದಿಲ್ಲ. ಆದರೆ ಸಾಲಿನ ಆನೆಗಳ ಸೊಂಡಿಲು, ನಡಿಗೆಗಳಲ್ಲಿ ಒಬ್ಬೊಬ್ಬ ಶಿಲ್ಪಿಯ ಕೈ ಬೇರೆಯಾಗಿಯೇ ಕಾಣುತ್ತದೆ.

ನಿಮ್ಮ ಕೆಲಸವನ್ನೂ ಹೀಗೆಯೇ, ಮೊದಲೇ ಗೊತ್ತುಮಾಡುವುದು ಮತ್ತು ಕೈಗೆ ಬಿಡುವುದು ಎಂದು ವಿಂಗಡಿಸಿಕೊಳ್ಳಿ. ಚಿಕ್ಕಮಗಳೂರಿನ ಕಾಫಿ ತೋಟದ ಹೂವನ್ನು ಚಿತ್ರಿಸಬೇಕೆಂದಿದ್ದರೆ, ಹೂಮಳೆ (ಕಾಫಿ ಮೊಗ್ಗನ್ನು ಅರಳಿಸುವ ಮಳೆ) ಬಿದ್ದು ಸುಮಾರು 8–10 ದಿನಗಳಿಗೆ ಅರಳಿ ಮೂರು ನಾಲ್ಕು ದಿನಗಳಲ್ಲೇ ಬಾಡುವ ಆ ಬಿಳುಪು ನಿಮಗಾಗಿ ಕಾಯುವುದಿಲ್ಲವಾದ್ದರಿಂದ, ಕಾಗದದ ಅಳತೆ, ಕೂರುವ ಜಾಗ, ಬೆಳಗಿನ ಯಾವ ಹೊತ್ತು, ಎಷ್ಟು ಬಣ್ಣ ಎಂಬುದನ್ನು ಮಳೆ ಬಿದ್ದ ದಿನವೇ ತೀರ್ಮಾನಿಸಿಬಿಡಿ. ನಾಲ್ಕು ಬಣ್ಣ ಸಾಕು. ಹೆಚ್ಚಾದರೆ ಆಯ್ಕೆಯಲ್ಲೇ ಬೆಳಗು ಕಳೆಯುತ್ತದೆ.

ಆದರೆ ಚಿತ್ರದೊಳಗೆ ಏನೇನು ಬರಬೇಕೆಂಬುದನ್ನೆಲ್ಲ ಮೊದಲೇ ಗೊತ್ತುಮಾಡಬೇಡಿ. ಒಂದು ವರ್ಷ ನಾನು ಪ್ರತಿ ರೆಂಬೆಯನ್ನೂ ಪೆನ್ಸಿಲಿನಲ್ಲಿ ಗುರುತಿಸಿ ಕುಳಿತೆ. ಗೆರೆ ಮುಗಿಯುವಷ್ಟರಲ್ಲಿ ಹೂ ಕಂದಿತ್ತು, ಚಿತ್ರವೂ ನಕ್ಷೆಯಂತಾಗಿತ್ತು. ಈಗ ನೆರಳುಮರದ ಕಾಂಡ ಮತ್ತು ಗಿಡದ ಸಾಲು ಎಂಬ ಎರಡು ಗೆರೆಗಳಷ್ಟನ್ನೇ ಮೊದಲು ಎಳೆಯುತ್ತೇನೆ. ಉಳಿದದ್ದನ್ನು, ಅಂದರೆ ಗೊಂಚಲಿಗೆ ಮುತ್ತುವ ಜೇನುನೊಣಗಳನ್ನೋ, ಸಿಲ್ವರ್ ಓಕ್ ಎಲೆಗಳ ಸಂದಿಯಿಂದ ಇಳಿಯುವ ಬಿಸಿಲನ್ನೋ, ಕಣ್ಣಿಗೆ ಬಿದ್ದಾಗಲೇ ಸೇರಿಸಿಕೊಳ್ಳುತ್ತೇನೆ. ಹೀಗೆ ಬಂದದ್ದು ಆ ಎರಡು ಗೆರೆಗಳನ್ನೇ ಕದಲಿಸಿದರೆ, ಸಂಕೋಚಪಡದೆ ಗೆರೆಯನ್ನು ಅಳಿಸಿ.