ಮಳೆಗಾಲಕ್ಕೆ ಮುನ್ನ ಕಾರಿನ ಟೈರ್: ತಪಾಸಣೆ, ನಿರ್ವಹಣೆ, ಆಯ್ಕೆ

ಕಾರಿನ ಟೈರಿನಲ್ಲಿ ಬಟನ್‌ಗಳ (ರಸ್ತೆಗೆ ತಾಗುವ ರಬ್ಬರಿನ ಉಬ್ಬುಗಳ) ಆಳ 1.6 ಮಿ.ಮೀ.ಗಿಂತ ಕಡಿಮೆಯಾದ ಮೇಲೆ ಅದನ್ನು ರಸ್ತೆಯಲ್ಲಿ ಓಡಿಸುವಂತಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 94ನೇ ನಿಯಮ ಈ ಮಿತಿಯನ್ನು ಹಾಕಿದೆ. ದ್ವಿಚಕ್ರ ಮತ್ತು ತ್ರಿಚಕ್ರ ವಾಹನಗಳಿಗೆ ಅದು 0.8 ಮಿ.ಮೀ. ಬಟನ್ ಉಳಿದಿದ್ದರಷ್ಟೇ ಸಾಲದು. ಒಳಗಿನ ದಾರದ ಪದರ ಸವೆತದಿಂದಲೋ ಸೀಳಿನಿಂದಲೋ ಹೊರಗೆ ಕಾಣುತ್ತಿದ್ದರೆ, ಅಥವಾ ಟೈರು ಯಾವುದಾದರೂ ಜಾಗದಲ್ಲಿ ಉಬ್ಬಿದ್ದರೆ, ಅದರ ಬಳಕೆಯನ್ನೂ ಅದೇ ನಿಯಮ ತಡೆಯುತ್ತದೆ.

ಈ 1.6 ಮಿ.ಮೀ. ಅನ್ನು ಸುರಕ್ಷತೆಯ ಮಟ್ಟವೆಂದು ತಿಳಿಯಬಾರದು. ಹೊಸ ಟೈರಿನ ಬಟನ್ ಸಾಮಾನ್ಯವಾಗಿ 7ರಿಂದ 8 ಮಿ.ಮೀ. ಆಳವಿರುತ್ತದೆ. ಒಣಗಿದ ರಸ್ತೆಯಲ್ಲಿ ಈ ಆಳದ ಬೆಲೆ ಅಷ್ಟಾಗಿ ತಿಳಿಯುವುದಿಲ್ಲ; ಅದು ಇರುವುದೇ ನೀರಿಗಾಗಿ. ಟೈರಿನ ಕೆಳಗೆ ಸಿಕ್ಕಿದ ನೀರು ಬಟನ್‌ಗಳ ನಡುವಿನ ತೋಡುಗಳಲ್ಲಿ ಹರಿದು ಹಿಂದಕ್ಕೂ ಪಕ್ಕಕ್ಕೂ ಹೊರಹೋದರೆ ಮಾತ್ರ ರಬ್ಬರು ರಸ್ತೆಯನ್ನು ಮುಟ್ಟುತ್ತದೆ. ಆ ದಾರಿ ಆಳ ಕಳೆದುಕೊಂಡಂತೆ ಹೊರಹೋಗುವ ನೀರು ಕಡಿಮೆಯಾಗುತ್ತದೆ, ಉಳಿದ ನೀರು ವೇಗ ಹೆಚ್ಚಿದಾಗ ಟೈರನ್ನೇ ಮೇಲೆತ್ತುತ್ತದೆ, ಮತ್ತು ಆ ಕ್ಷಣದಿಂದ ಸ್ಟೀರಿಂಗೂ ಬ್ರೇಕೂ ಚಾಲಕನ ಮಾತು ಕೇಳುವುದಿಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಗಂಟೆಗೆ 100 ಕಿ.ಮೀ. ವೇಗದಲ್ಲಿರುವ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರು ಸಾಗುತ್ತದೆ ಎಂಬುದನ್ನು ನೆನೆದರೆ, ಹಿಡಿತ ತಪ್ಪಿದ ಒಂದೆರಡು ಸೆಕೆಂಡುಗಳ ಅರ್ಥ ತಾನಾಗಿ ಸ್ಪಷ್ಟವಾಗುತ್ತದೆ. ಆದ್ದರಿಂದ ಕರಾವಳಿ ಮತ್ತು ಮಲೆನಾಡಿನಲ್ಲಿ ಕಾರು ಓಡಿಸುವವರು, ಶಿರಾಡಿ, ಚಾರ್ಮಾಡಿ, ಆಗುಂಬೆ ಘಾಟಿಗಳನ್ನು ಮಳೆಯಲ್ಲಿ ಹತ್ತಿ ಇಳಿಯುವವರು, 3 ಮಿ.ಮೀ.ಗೆ ಬಂದ ಟೈರನ್ನು ಜೂನ್ ತಿಂಗಳಿಗೆ ಮೊದಲೇ ಬದಲಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಸವೆತವನ್ನು ನೋಡುವ ಕ್ರಮ

ಪ್ರತಿ ಟೈರಿನ ತೋಡುಗಳ ತಳದಲ್ಲಿ ಅಲ್ಲಲ್ಲಿ ಅಡ್ಡಲಾಗಿ ಸಣ್ಣ ರಬ್ಬರು ದಿಂಡುಗಳಿರುತ್ತವೆ. ಅವು ಇರುವ ಜಾಗವನ್ನು ತೋರಿಸಲು ಟೈರಿನ ಅಂಚಿನಲ್ಲಿ ಟಿಡಬ್ಲ್ಯುಐ ಎಂಬ ಅಕ್ಷರಗಳನ್ನೋ ಒಂದು ಚಿಕ್ಕ ತ್ರಿಕೋನವನ್ನೋ ಅಚ್ಚೊತ್ತಿರುತ್ತಾರೆ. ಬಟನ್ ಸವೆದು ಈ ದಿಂಡಿನ ಮಟ್ಟಕ್ಕೆ ಬಂದಿದ್ದರೆ ಕಾನೂನಿನ ಮಿತಿ ಮುಟ್ಟಿದೆ ಎಂದರ್ಥ. ದಿಂಡು ಮಿತಿಯನ್ನು ಮಾತ್ರ ಹೇಳುತ್ತದೆ, ಎಷ್ಟು ಉಳಿದಿದೆ ಎಂದು ಹೇಳುವುದಿಲ್ಲ; ಅದಕ್ಕಾಗಿ ಆಳ ಅಳೆಯುವ ಚಿಕ್ಕ ಮಾಪಕವೊಂದನ್ನು ಕೊಂಡು ಕಾರಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು, ಅದರ ಬೆಲೆಯೇನೂ ಹೆಚ್ಚಿಲ್ಲ. ಒಳ ಅಂಚು, ನಡುಭಾಗ, ಹೊರ ಅಂಚು, ಹೀಗೆ ಮೂರು ಕಡೆ ಅಳೆಯಬೇಕು. ಒಳ ಅಂಚು ನಿಂತು ನೋಡುವವರ ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ ಮುಂದಿನ ಚಕ್ರಗಳನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿಟ್ಟು ನೋಡಬೇಕು.

ಸವೆದಿರುವ ರೀತಿಯಲ್ಲೇ ಕಾರಣವೂ ಇರುತ್ತದೆ. ಎರಡೂ ಅಂಚುಗಳು ಸವೆದು ನಡುಭಾಗ ಉಳಿದಿದ್ದರೆ ಟೈರು ಬಹುಕಾಲ ಕಡಿಮೆ ಗಾಳಿಯಲ್ಲಿ ಓಡಿದೆ. ನಡುಭಾಗ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಾಗಿತ್ತು. ಒಂದೇ ಅಂಚು ಸವೆದಿದ್ದರೆ ವೀಲ್ ಅಲೈನ್‌ಮೆಂಟ್, ಅಂದರೆ ಚಕ್ರಗಳು ನಿಂತಿರುವ ಕೋನ, ತಪ್ಪಿದೆ. ಸುತ್ತಲೂ ಅಲ್ಲಲ್ಲಿ ತಗ್ಗು ಬಿದ್ದಂತೆ ಸವೆದಿದ್ದರೆ ಬ್ಯಾಲೆನ್ಸಿಂಗ್ (ಚಕ್ರದ ತೂಕ ಸುತ್ತಲೂ ಸಮನಾಗಿರುವುದು) ಅಥವಾ ಶಾಕ್ ಅಬ್ಸಾರ್ಬರ್ ಕಡೆ ಗಮನ ಹರಿಸಬೇಕು. ಕಾರಣವನ್ನು ಸರಿಪಡಿಸದೆ ಟೈರು ಮಾತ್ರ ಬದಲಿಸಿದರೆ ಹೊಸದೂ ಅದೇ ರೀತಿಯಲ್ಲಿ ಹಾಳಾಗುತ್ತದೆ.

ಗಾಳಿಯ ಒತ್ತಡ

ಇಡೀ ವಿಷಯದಲ್ಲಿ ಅತ್ಯಂತ ಮುಖ್ಯವಾದದ್ದೂ, ಅತ್ಯಂತ ಹೆಚ್ಚಾಗಿ ಅಲಕ್ಷ್ಯಕ್ಕೆ ಒಳಗಾಗುವುದೂ ಗಾಳಿ. ದುಬಾರಿ ಕಂಪನಿಯ ಟೈರು ಕಡಿಮೆ ಗಾಳಿಯಲ್ಲಿ ಓಡುವುದಕ್ಕಿಂತ ಸಾಧಾರಣ ಟೈರು ಸರಿಯಾದ ಗಾಳಿಯಲ್ಲಿ ಓಡುವುದು ಎಷ್ಟೋ ಮೇಲು. ಗಾಳಿ ಕಡಿಮೆಯಾದಾಗ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿನಲ್ಲೂ ಹೆಚ್ಚು ಬಾಗುತ್ತದೆ, ಆ ಬಾಗುವಿಕೆ ಶಾಖವಾಗುತ್ತದೆ, ಶಾಖ ರಬ್ಬರನ್ನೂ ಒಳಗಿನ ದಾರವನ್ನೂ ಅಂಟಿಸಿರುವ ಬಿಗಿಯನ್ನು ಸಡಿಲಗೊಳಿಸುತ್ತದೆ. ಕಲಬುರಗಿ, ರಾಯಚೂರು ಕಡೆಯ ಏಪ್ರಿಲ್–ಮೇ ತಿಂಗಳ ಬಿಸಿಲಿನಲ್ಲಿ, ತುಂಬಿದ ಕಾರಿನಲ್ಲಿ, ಗಂಟೆಗಟ್ಟಲೆ ಹೆದ್ದಾರಿಯಲ್ಲಿ ಸಾಗುವಾಗ ಟೈರು ಸಿಡಿದರೆ ಹೆಚ್ಚಿನವರು ಬಿಸಿಲನ್ನು ದೂರುತ್ತಾರೆ. ಗಾಳಿ ಹೆಚ್ಚಾಗಿ ಸಿಡಿಯಿತೆಂದು ತಿಳಿದು, ಬೇಸಿಗೆಯಲ್ಲಿ ಗಾಳಿಯನ್ನು ಬೇಕೆಂದೇ ಕಡಿಮೆ ಹಾಕಿಸುವವರೂ ಇದ್ದಾರೆ. ಇದು ಅಪಾಯವನ್ನು ಕಡಿಮೆ ಮಾಡುವ ಬದಲು ಹೆಚ್ಚಿಸುತ್ತದೆ. ಬೇಸಿಗೆಯಲ್ಲೂ ಕಾರು ತಯಾರಿಸಿದ ಕಂಪನಿ ಹೇಳಿದಷ್ಟೇ ಗಾಳಿ ಇರಬೇಕು.

ಆ ಪ್ರಮಾಣ ಎಷ್ಟೆಂಬುದು ಚಾಲಕನ ಬಾಗಿಲನ್ನು ತೆರೆದಾಗ ಕಾಣುವ ಕಂಬದ ಮೇಲಿನ ಚೀಟಿಯಲ್ಲೋ, ಪೆಟ್ರೋಲ್ ಮುಚ್ಚಳದ ಒಳಬದಿಯಲ್ಲೋ, ಕಾರಿನ ಕೈಪಿಡಿಯಲ್ಲೋ ಇರುತ್ತದೆ. ಮುಂದಿನ ಮತ್ತು ಹಿಂದಿನ ಟೈರುಗಳಿಗೆ ಬೇರೆ ಬೇರೆ ಅಂಕಿ ಇರಬಹುದು. ಇಬ್ಬರು ಕುಳಿತಾಗ ಒಂದು, ಐವರು ಸಾಮಾನಿನೊಂದಿಗೆ ಹೊರಟಾಗ ಇನ್ನೊಂದು ಎಂದೂ ಇರಬಹುದು. ಮದುವೆಗೋ ತೀರ್ಥಯಾತ್ರೆಗೋ ಮನೆಮಂದಿಯೆಲ್ಲ ಹೊರಡುವ ದಿನ ಈ ಎರಡನೆಯ ಅಂಕಿಯನ್ನು ನೋಡಬೇಕು. ಟೈರಿನ ಪಕ್ಕದಲ್ಲಿ ಅಚ್ಚೊತ್ತಿರುವ ಒತ್ತಡದ ಅಂಕಿ ಆ ಟೈರು ತಡೆಯಬಲ್ಲ ಗರಿಷ್ಠ ಪ್ರಮಾಣವಷ್ಟೇ ಆಗಿರುವುದರಿಂದ ಅದನ್ನು ನೋಡಿ ಗಾಳಿ ಹಾಕಿಸಬಾರದು. ಬಂಕಿನಲ್ಲಿ ಗಾಳಿ ಹಿಡಿಯುವವರು ಕೇಳದೆಯೇ ಎಲ್ಲ ಕಾರಿಗೂ ಒಂದೇ ಪ್ರಮಾಣ ಹಾಕುವುದುಂಟು. ನಮ್ಮ ಕಾರಿನ ಅಂಕಿಯನ್ನು ನಾವೇ ಹೇಳಬೇಕು.

ಒತ್ತಡವನ್ನು ನೋಡಬೇಕಾದದ್ದು ಟೈರು ತಣ್ಣಗಿರುವಾಗ, ಅಂದರೆ ಕಾರು ಮೂರು ಗಂಟೆಯಾದರೂ ನಿಂತಿದ್ದಾಗ ಅಥವಾ ಒಂದೆರಡು ಕಿಲೋಮೀಟರಿಗಿಂತ ಹೆಚ್ಚು ಓಡದಿದ್ದಾಗ. ಓಡಿದ ಟೈರಿನಲ್ಲಿ ಗಾಳಿ ಬಿಸಿಯಾಗಿ ಅಂಕಿ ಏರಿರುತ್ತದೆ. ಅದನ್ನು ನೋಡಿ ಗಾಳಿ ಬಿಟ್ಟರೆ ತಣ್ಣಗಾದ ಮೇಲೆ ಒತ್ತಡ ಸಾಲದೆ ಬರುತ್ತದೆ. ಸುತ್ತಲಿನ ತಾಪಮಾನ 5ರಿಂದ 6 ಡಿಗ್ರಿ ಸೆಲ್ಸಿಯಸ್ ಇಳಿದರೆ ಒತ್ತಡ ಸುಮಾರು 1 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇಳಿಯುತ್ತದೆ, ಯಾವ ತೂತೂ ಇಲ್ಲದ ಟೈರು ಕೂಡ ತಿಂಗಳಿಗೆ ಒಂದೆರಡು ಪಿಎಸ್‌ಐ ಕಳೆದುಕೊಳ್ಳುತ್ತದೆ. ಆದ್ದರಿಂದ ಹದಿನೈದು ದಿನಕ್ಕೊಮ್ಮೆ ಮತ್ತು ಪ್ರತಿ ದೂರ ಪ್ರಯಾಣಕ್ಕೆ ಮುಂಚೆ ನೋಡುವ ಅಭ್ಯಾಸ ಒಳ್ಳೆಯದು. ಕಾರಿನ ಸಿಗರೇಟ್ ಲೈಟರ್ ಸಾಕೆಟ್ಟಿಗೆ ಜೋಡಿಸುವ ಚಿಕ್ಕ ಪಂಪು ಇದ್ದರೆ ಈ ಕೆಲಸ ಮನೆಯಂಗಳದಲ್ಲೇ ಮುಗಿಯುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪವಿರುವ ಕಾರುಗಳಲ್ಲಿ ಆ ದೀಪ ಉರಿಯುವ ಹೊತ್ತಿಗೆ ಗಾಳಿ ಸಾಕಷ್ಟು ಇಳಿದಿರುತ್ತದೆ, ಹೀಗಾಗಿ ಅದನ್ನೇ ನಂಬಿ ಕೂರುವಂತಿಲ್ಲ. ನೈಟ್ರೋಜನ್ ಹಾಕಿಸಬೇಕೇ ಎಂದು ಹಲವರು ಕೇಳುತ್ತಾರೆ. ನಾವು ಉಸಿರಾಡುವ ಗಾಳಿಯಲ್ಲೇ ಶೇಕಡ 78ರಷ್ಟು ನೈಟ್ರೋಜನ್ ಇದೆ. ದಿನನಿತ್ಯದ ಕಾರಿಗೆ ಅದರಿಂದ ಆಗುವ ಲಾಭ ಅಲ್ಪ, ಒತ್ತಡವನ್ನು ತಪ್ಪದೆ ನೋಡುವುದರಿಂದ ಆಗುವ ಲಾಭ ದೊಡ್ಡದು.

ತಿರುಗಿಸಿ ಹಾಕುವುದು, ಅಲೈನ್‌ಮೆಂಟ್

ಮುಂದಿನ ಚಕ್ರ ಎಳೆಯುವ ಕಾರುಗಳಲ್ಲಿ ಮುಂದಿನ ಟೈರುಗಳು ಬೇಗ ಸವೆಯುತ್ತವೆ. ಸುಮಾರು 8,000ದಿಂದ 10,000 ಕಿ.ಮೀ.ಗೊಮ್ಮೆ ಹಿಂದಿನವನ್ನು ಮುಂದಕ್ಕೂ ಮುಂದಿನವನ್ನು ಹಿಂದಕ್ಕೂ ಹಾಕಿಸಿದರೆ ನಾಲ್ಕೂ ಸಮನಾಗಿ ಸವೆಯುತ್ತವೆ. ಅದೇ ವೇಳೆಗೆ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ನೋಡಿಸುವುದು ಅನುಕೂಲ. ಪಕ್ಕದಲ್ಲಿ ಬಾಣದ ಗುರುತಿರುವ ಟೈರು ಆ ದಿಕ್ಕಿಗೆ ಮಾತ್ರ ಉರುಳಬೇಕಾದ್ದರಿಂದ ಅದನ್ನು ಎಡದಿಂದ ಬಲಕ್ಕೆ ಬದಲಿಸಬಾರದು. ದೊಡ್ಡ ಗುಂಡಿಗೆ ಚಕ್ರ ಬಡಿದ ಮೇಲೆ ಕಿಲೋಮೀಟರಿನ ಲೆಕ್ಕ ಕಾಯದೆ ಟೈರಿನ ಎರಡೂ ಪಕ್ಕಗಳನ್ನು ನೋಡಬೇಕು. ಪಕ್ಕದಲ್ಲಿ ಗುಳ್ಳೆಯಂತೆ ಉಬ್ಬಿದ್ದರೆ ಒಳಗಿನ ದಾರಗಳು ಹರಿದಿವೆ. ಅದಕ್ಕೆ ದುರಸ್ತಿಯಿಲ್ಲ, ಟೈರನ್ನು ಬದಲಿಸಲೇಬೇಕು.

ಹೊಸ ಟೈರು ಕೊಳ್ಳುವಾಗ

ಟೈರಿನ ಪಕ್ಕದಲ್ಲಿ 185/65 ಆರ್15 88ಎಚ್ ಎಂದಿದೆಯೆಂದು ಭಾವಿಸೋಣ. 185 ಎಂದರೆ ಮಿಲಿಮೀಟರಿನಲ್ಲಿ ಟೈರಿನ ಅಗಲ. 65 ಎಂದರೆ ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇಕಡ 65. ಆರ್ ಎಂದರೆ ರೇಡಿಯಲ್, ಅಂದರೆ ಒಳಗಿನ ದಾರಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಸಾಗುವ ರಚನೆ. 15 ಎಂದರೆ ರಿಮ್ಮಿನ ವ್ಯಾಸ, ಇಂಚುಗಳಲ್ಲಿ. ಅಂಗಡಿಗೆ ಹೋದವರು ಇಷ್ಟನ್ನು ನೋಡಿ ಉಳಿದದ್ದನ್ನು ಬಿಡುತ್ತಾರೆ, ಆದರೆ ಕೊನೆಯ ಅಂಕಿ ಮತ್ತು ಅಕ್ಷರ ಸುರಕ್ಷತೆಯ ದೃಷ್ಟಿಯಿಂದ ಬಹಳ ಮುಖ್ಯ. 88 ಎಂಬುದು ಒಂದು ಟೈರು 560 ಕೆ.ಜಿ. ಹೊರಬಲ್ಲದು ಎಂಬ ಸೂಚನೆ. 82 ಆದರೆ 475 ಕೆ.ಜಿ., 91 ಆದರೆ 615 ಕೆ.ಜಿ. ಎಚ್ ಎಂದರೆ ಗಂಟೆಗೆ 210 ಕಿ.ಮೀ. ವೇಗದವರೆಗೆ, ಟಿ ಎಂದರೆ 190 ಕಿ.ಮೀ.ವರೆಗೆ. ಅಷ್ಟು ವೇಗದಲ್ಲಿ ಯಾರೂ ಹೋಗುವುದಿಲ್ಲವಲ್ಲ ಎಂದು ಕಡಿಮೆ ದರ್ಜೆಯದನ್ನು ಕೊಡಲು ಅಂಗಡಿಯವರು ಬಂದರೆ ಒಪ್ಪಬೇಡಿ, ಏಕೆಂದರೆ ಆ ಅಕ್ಷರ ಟೈರು ಶಾಖವನ್ನು ತಡೆಯುವ ಶಕ್ತಿಯನ್ನೂ ಹೇಳುತ್ತದೆ. ಕಾರಿನ ಜೊತೆ ಬಂದದ್ದಕ್ಕಿಂತ ಭಾರದ ಅಂಕಿಯಾಗಲಿ ವೇಗದ ಅಕ್ಷರವಾಗಲಿ ಕೆಳಗಿಳಿಯಬಾರದು.

ಅಗಲವಾದ ಟೈರು ಹಾಕಿಸುವ ಆಸೆ ಇರುವವರು ಅದೇ ಮಾದರಿಯ ಮೇಲಿನ ಶ್ರೇಣಿಯ ಕಾರಿಗೆ ಕಂಪನಿಯೇ ಕೊಡುವ ಅಳತೆಯನ್ನು ದಾಟದಿರುವುದು ಒಳ್ಳೆಯದು. ಅದಕ್ಕಿಂತ ದೊಡ್ಡದು ಚಕ್ರದ ಗೂಡಿಗೆ ಉಜ್ಜಬಹುದು, ಸ್ಪೀಡೋಮೀಟರನ್ನು ತಪ್ಪಿಸಬಹುದು, ವಿಮೆಯ ವೇಳೆಯಲ್ಲಿ ತಕರಾರಿಗೂ ಕಾರಣವಾಗಬಹುದು. ವಿಮೆಯ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು: ಸಾಮಾನ್ಯ ಸಮಗ್ರ ಪಾಲಿಸಿಯಲ್ಲಿ ಟೈರಿಗೆ ಮಾತ್ರ ಆದ ಹಾನಿಗೆ ಹಣ ಸಿಗುವುದಿಲ್ಲ, ಅದೇ ಅಪಘಾತದಲ್ಲಿ ಕಾರಿಗೂ ಹಾನಿಯಾಗಿದ್ದರೆ ಹೊಸ ಟೈರಿನ ಬೆಲೆಯ ಅರ್ಧದವರೆಗೆ ಸಿಗುತ್ತದೆ.

ಭಾರತದಲ್ಲಿ ಮಾರುವ ಕಾರು ಟೈರಿನ ಮೇಲೆ ಐಎಸ್‌ಐ ಮುದ್ರೆ ಇರಬೇಕು, ಅದರ ಮಾನಕದ ಸಂಖ್ಯೆ ಐಎಸ್ 15633. ನಂತರ ತಯಾರಿಕೆಯ ದಿನಾಂಕ: ಪಕ್ಕದಲ್ಲಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ. 3224 ಎಂದಿದ್ದರೆ ಅದು 2024ರ 32ನೇ ವಾರದ್ದು. ಈ ಅಂಕಿಗಳು ಒಂದು ಬದಿಯಲ್ಲಿ ಮಾತ್ರ ಇರಬಹುದಾದ್ದರಿಂದ ರಿಮ್ಮಿಗೆ ಕೂಡಿಸುವ ಮೊದಲೇ ನೋಡಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ರಬ್ಬರು ಓಡದೆಯೂ ಹಳತಾಗುತ್ತದೆ. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ಬಲ್ಲವರಿಗೆ ತೋರಿಸಬೇಕು. ಬಟನ್ ಎಷ್ಟೇ ಉಳಿದಿದ್ದರೂ ಹತ್ತು ವರ್ಷದ ಆಚೆಗೆ ಬಳಸಬಾರದು. ವಾರಕ್ಕೊಮ್ಮೆ ಮಾತ್ರ ಹೊರಡುವ ಹಿರಿಯರ ಕಾರುಗಳಲ್ಲಿ ಇದು ಸುಲಭವಾಗಿ ಮರೆತುಹೋಗುವ ಸಂಗತಿ.

ಕಂಪನಿಯ ಆಯ್ಕೆಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಎಂಆರ್‌ಎಫ್, ಅಪೊಲೊ, ಸಿಯಟ್, ಮೈಸೂರಿನ ವಿಕ್ರಾಂತ್ ಕಾರ್ಖಾನೆಯನ್ನು ತನ್ನದಾಗಿಸಿಕೊಂಡಿರುವ ಜೆಕೆ ಟೈರ್ ಮೊದಲಾದವು ಸುಲಭವಾಗಿ ಸಿಗುತ್ತವೆ. ನಿಮ್ಮೂರಿನಲ್ಲಿ ವಾರಂಟಿ ಕೇಳಲು ಅಧಿಕೃತ ಅಂಗಡಿ ಇರುವುದು ಹೆಚ್ಚು ಉಪಯುಕ್ತ. ಎರಡೇ ಟೈರು ಕೊಳ್ಳುವುದಾದರೆ ಹೊಸ ಜೋಡಿಯನ್ನು ಹಿಂದಕ್ಕೆ ಹಾಕಿಸಬೇಕು. ಮುಂದಿನ ಚಕ್ರವೇ ಎಳೆಯುವುದಾದ್ದರಿಂದ ಹೊಸದು ಮುಂದಕ್ಕಿರಲಿ ಎಂಬ ವಾದ ಅಂಗಡಿಗಳಲ್ಲಿ ಕೇಳಿಬರುತ್ತದೆ, ಆದರೆ ಒದ್ದೆ ತಿರುವಿನಲ್ಲಿ ಮುಂದಿನ ಟೈರು ಜಾರಿದರೆ ವೇಗ ತಗ್ಗಿಸಿ ಕಾರನ್ನು ಹಿಡಿತಕ್ಕೆ ತರಬಹುದು, ಹಿಂದಿನವು ಜಾರಿದರೆ ಕಾರು ಬುಗುರಿಯಂತೆ ತಿರುಗಿಬಿಡುತ್ತದೆ. ಒಂದೇ ಅಚ್ಚಿನ (ಆ್ಯಕ್ಸಲ್) ಎರಡು ಕಡೆಗೆ ಬೇರೆ ಬೇರೆ ಮಾದರಿಯ ಟೈರು ಎಂದೂ ಬೇಡ.

ಪಂಕ್ಚರ್ ಮತ್ತು ಸ್ಟೆಪ್ನಿ

ಬಟನ್ ಇರುವ ಭಾಗದಲ್ಲಿ ಮೊಳೆಯಿಂದಾದ 6 ಮಿ.ಮೀ.ವರೆಗಿನ ತೂತನ್ನು ಮುಚ್ಚಬಹುದು. ಅಂಚಿಗೆ ಅಥವಾ ಪಕ್ಕದ ಗೋಡೆಗೆ ಆದ ತೂತನ್ನು ಮುಚ್ಚಬಾರದು. ರಸ್ತೆಬದಿಯಲ್ಲಿ ಹೊರಗಿನಿಂದ ಹಾಕುವ ಅಂಟುಬತ್ತಿ ಊರು ತಲುಪಲು ಸಾಕು. ಊರಿಗೆ ಬಂದ ಮೇಲೆ ಟೈರನ್ನು ಬಿಚ್ಚಿಸಿ ಒಳಗಿನಿಂದ ಅಣಬೆಯಾಕಾರದ ಪ್ಯಾಚು ಹಾಕಿಸಿದರೆ, ಗಾಳಿಯಿಲ್ಲದೆ ಓಡಿ ಒಳಗೋಡೆ ಪುಡಿಯಾಗಿದೆಯೇ ಎಂಬುದೂ ಕಾಣುತ್ತದೆ. ಟ್ಯೂಬ್‌ಲೆಸ್ ಟೈರು, ಒತ್ತಡ ತಿಳಿಸುವ ವ್ಯವಸ್ಥೆ ಮತ್ತು ದುರಸ್ತಿ ಕಿಟ್ ಇರುವ ಕಾರುಗಳಿಗೆ 2020ರ ಅಕ್ಟೋಬರ್‌ನಿಂದ ಸ್ಟೆಪ್ನಿ ಕಡ್ಡಾಯವಲ್ಲ. ಸ್ಟೆಪ್ನಿ ಇರುವವರು ಅದರ ಗಾಳಿಯನ್ನೂ ನೋಡುತ್ತಿರಬೇಕು. ಸಣ್ಣ ಅಳತೆಯ ಸ್ಟೆಪ್ನಿಗೆ ಸಾಮಾನ್ಯವಾಗಿ 60 ಪಿಎಸ್‌ಐ ಬೇಕು, ಅದರ ಮೇಲೆ ಗಂಟೆಗೆ 80 ಕಿ.ಮೀ. ಮೀರಬಾರದು.

ಮರು ಕೊರೆದ ಟೈರುಗಳು

ಹಳೆಯ ಟೈರು ಮಾರುವ ಕಡೆಗಳಲ್ಲಿ ಬಟನ್ ಆಳವಾಗಿದ್ದು ಬೆಲೆ ಮಾತ್ರ ಬಹಳ ಕಡಿಮೆಯಿರುವ ಕಾರು ಟೈರು ಕಂಡರೆ ಎಚ್ಚರವಹಿಸಬೇಕು. ಸವೆದ ಟೈರನ್ನು ಬಿಸಿ ಅಲಗಿನಿಂದ ಮತ್ತೆ ಕೊರೆದು, ಕಪ್ಪು ಬಣ್ಣ ಬಳಿದು ಮಾರುವುದು ನಡೆದೇ ಇದೆ. ಹೀಗೆ ಕೊರೆದಾಗ ತಂತಿಯ ಪದರವನ್ನು ಕಾಯುತ್ತಿದ್ದ ಕೊನೆಯ ರಬ್ಬರೂ ಹೋಗುತ್ತದೆ. ತೋಡಿನ ತಳದಲ್ಲಿ ಸವೆತದ ದಿಂಡು ಕಾಣದಿದ್ದರೆ, ಅಥವಾ ದಿಂಡೂ ಕತ್ತರಿಸಿದಂತಿದ್ದರೆ, ಅದು ಕೊರೆದ ಟೈರು. ಇದನ್ನು ಕೊಳ್ಳುವವರು ಹೆಚ್ಚಾಗಿ ದಿನದ ದುಡಿಮೆಗೆ ಟ್ಯಾಕ್ಸಿ ಓಡಿಸುವವರು, ಅಪಾಯ ಅವರದೂ ಪ್ರಯಾಣಿಕರದೂ ಆಗಿರುತ್ತದೆ. ಆದ್ದರಿಂದ ನಿಮ್ಮ ಸವೆದ ಟೈರನ್ನು ಅಂಗಡಿಯಲ್ಲಿ ಬಿಟ್ಟುಬರುವ ಮುನ್ನ ಅದರ ಪಕ್ಕದ ಗೋಡೆಯನ್ನು ನಿಮ್ಮೆದುರಿಗೇ ಕೊಯ್ಯಿಸಿ. ಮನೆಗೆ ತಂದು ತಾರಸಿಯ ಮೇಲಿಡುವುದೂ ಬೇಡ, ಅದರಲ್ಲಿ ನಿಂತ ಮಳೆನೀರಿನಲ್ಲಿ ಡೆಂಗಿ ಹರಡುವ ಸೊಳ್ಳೆಗಳು ಮೊಟ್ಟೆಯಿಡುತ್ತವೆ.